ಸೆಕೆಂಡ್ ಹ್ಯಾಂಡ್ ವೇಗದ ಎಸ್ಟೇಟ್ ಕಾರು: ನೋಡುವುದು ಮೊದಲು, ಓಡಿಸುವುದು ಆಮೇಲೆ

ಕಳೆದ ಕೆಲವು ವರ್ಷಗಳಲ್ಲಿ ನನ್ನ ಪರಿಚಯದ ನಾಲ್ಕು ಮನೆಗಳಿಗೆ ಇಂಥ ಗಾಡಿ ಬಂದಿವೆ. ಜೋರಾಗಿ ಓಡಬೇಕು, ಮನೆಮಂದಿಯೆಲ್ಲ ಹಿಡಿಸಬೇಕು, ಡಿಕ್ಕಿ ದೊಡ್ಡದಿರಬೇಕು. ಹೊಸದು ಕೈಗೆ ಎಟುಕುವುದಿಲ್ಲ, ಹಾಗಾಗಿ ಹಳೆಯದು. ನಾಲ್ಕರಲ್ಲಿ ಮೂರು ಮನೆಯವರು ಆರು ತಿಂಗಳೊಳಗೆ ಕೈ ಸುಟ್ಟುಕೊಂಡರು. ಒಬ್ಬರಿಗೆ ಗೇರ್ ಬಾಕ್ಸ್ ಹೋಯಿತು. ಇನ್ನೊಬ್ಬರ ಗಾಡಿಯ ವೈರಿಂಗ್ ಹೊಳೆ ನೀರು ಕುಡಿದಿತ್ತು. ಮೂರನೆಯವರದು ಗಾಡಿ ಚೆನ್ನಾಗಿದೆ, ಆದರೆ ಮಹಾರಾಷ್ಟ್ರದ ನಂಬರಿನ ತೆರಿಗೆ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಮೂವರೂ ಎಡವಿದ್ದು ಒಂದೇ ಕಡೆ. ಗಾಡಿ ನೋಡಲು ಹೋದ ಹತ್ತೇ ನಿಮಿಷಕ್ಕೆ ಸ್ಟೇರಿಂಗ್ ಹಿಡಿದು ಹೈವೇಗೆ ಹೋದರು. ಇಂಥ ಗಾಡಿಯ ಆಕ್ಸಿಲರೇಟರ್ ಒಮ್ಮೆ ಒತ್ತಿ ಬೆನ್ನು ಸೀಟಿಗೆ ಅಂಟಿತು ಅಂದರೆ, ಮನಸ್ಸು ಆಗಲೇ ಗಾಡಿ ಕೊಂಡಾಗಿರುತ್ತದೆ. ಆಮೇಲೆ ಕಂಡ ತಪ್ಪೆಲ್ಲ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಇಲ್ಲಿ ಓಡಿಸುವುದು ಏಳನೇ ಹಂತ. ದಯವಿಟ್ಟು ಈ ಕ್ರಮ ಬದಲಾಯಿಸಬೇಡಿ.

ಯಾವ ಗಾಡಿಗಳ ಮಾತು ಇದು

ಎಸ್ಟೇಟ್ ಅಂದರೆ ಮುಂದಿನಿಂದ ನೋಡಿದರೆ ಸೆಡಾನ್, ಹಿಂದೆ ಮಾತ್ರ ಛಾವಣಿ ಕೊನೆಯವರೆಗೂ ಹೋಗಿ ಡಿಕ್ಕಿ ಬಾಗಿಲಲ್ಲಿ ಮುಗಿಯುವ ಕಾರು. ನಮ್ಮ ದೇಶದಲ್ಲಿ ಇಂಥವು ಬಂದಿದ್ದೇ ಕಡಿಮೆ. ವೇಗದ್ದು ಅಂದರೆ 2015ರಲ್ಲಿ ಬಂದ ಆಡಿ ಆರ್‌ಎಸ್6 ಅವಾಂಟ್: 4 ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್, ಗಾಳಿ ಒತ್ತಿ ತುಂಬಿ ಶಕ್ತಿ ಏರಿಸುವ ಟರ್ಬೊ ಎರಡು, 560 ಪಿಎಸ್ (ಇಂಜಿನ್ ಶಕ್ತಿಯ ಅಳತೆ). 2017ರಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ ಬಂತು. ಅದು ಡೀಸೆಲ್, 235 ಪಿಎಸ್.

ನಮ್ಮ ಕಡೆ ಕೈಗೆ ಸಿಗುವ ಸಾಧ್ಯತೆ ಜಾಸ್ತಿ ಇರುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2017ರದ್ದು 230 ಪಿಎಸ್. 2020ರ ಆರ್‌ಎಸ್245 ಇಡೀ ದೇಶಕ್ಕೆ ಬಂದಿದ್ದೇ 200 ಗಾಡಿ. ಆಕಾರದಲ್ಲಿ ಇದು ಪೂರ್ತಿ ಎಸ್ಟೇಟ್ ಅಲ್ಲ. ಆದರೆ ಹಿಂದಿನ ಗಾಜಿನ ಸಮೇತ ಡಿಕ್ಕಿ ತೆರೆಯುತ್ತದೆ, ಒಳಗೆ 590 ಲೀಟರ್ ಜಾಗ ಇದೆ. ಕೆಲಸಕ್ಕೆ ಎಸ್ಟೇಟೇ. ಕೆಳಗಿನ ಉದಾಹರಣೆಗಳೆಲ್ಲ ಬಹುತೇಕ ಇದರದ್ದೇ.

ಜೊತೆಗೆ ಒಯ್ಯಬೇಕಾದದ್ದು

ಒಳ್ಳೆ ಬೆಳಕಿನ ಟಾರ್ಚ್. ಹಳೇ ಬಿಳಿ ಬಟ್ಟೆ. ಒಂದು ಚಿಕ್ಕ ಅಯಸ್ಕಾಂತ. ಟೈರ್ ಗಾಳಿ ನೋಡುವ ಗೇಜ್. ಗಾಡಿಯ ಕಂಪ್ಯೂಟರಿನಲ್ಲಿರುವ ದೋಷ ಓದಿ ತೋರಿಸುವ, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಓಬಿಡಿ ಸ್ಕ್ಯಾನರ್. ಕೆಳಗೆ ಮಲಗಿ ನೋಡಲು ಒಂದು ಗೋಣಿಚೀಲ. ಮತ್ತೆ ಒಂದು ನೋಟ್‌ಬುಕ್. ನೆನಪಿಟ್ಟುಕೊಳ್ಳುತ್ತೇನೆ ಅನ್ನಬೇಡಿ, ಮೂರನೇ ಗಾಡಿ ನೋಡುವ ಹೊತ್ತಿಗೆ ಎಲ್ಲ ಕಲಸುಮೇಲೋಗರ ಆಗಿರುತ್ತದೆ.

ಗಾಡಿ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಆ ಗಾಡಿ ಇಷ್ಟ ಇರಬಾರದು. ಇದು ಮುಖ್ಯ. ಜೊತೆಗೆ ಬಂದವರೂ ಮರುಳಾದರೆ ತಡೆಯುವವರು ಯಾರು?

ಹಂತ 1: ಮನೆಯಲ್ಲೇ ಕೂತು ಲೆಕ್ಕ ಮಾಡಿ

ಕೈಯಲ್ಲಿ 20 ಲಕ್ಷ ಇದ್ದರೆ 20 ಲಕ್ಷದ ಗಾಡಿ ಹುಡುಕಬೇಡಿ. ಐದರಲ್ಲಿ ಒಂದು ಪಾಲು ಪಕ್ಕಕ್ಕೆ ಇಡಿ. ಮೊದಲ ವರ್ಷ ಟೈರು, ಬ್ರೇಕು, ಆಯಿಲ್, ತೆರಿಗೆ, ವಿಮೆ ಎಲ್ಲ ಅದರಿಂದಲೇ ಹೋಗುತ್ತದೆ. ಗಾಡಿ ಹಳೆಯದಾದಾಗ ಅದರ ರೇಟು ಇಳಿಯುತ್ತದೆ, ಬಿಡಿಭಾಗದ ರೇಟು ಇಳಿಯುವುದಿಲ್ಲ. ಅರ್ಧ ಬೆಲೆಗೆ ಸಿಕ್ಕ ಆರ್‌ಎಸ್6ಕ್ಕೂ ಬ್ರೇಕ್ ಡಿಸ್ಕ್ ಮಾತ್ರ ಆರ್‌ಎಸ್6ದೇ ಬೇಕು.

ಆಮೇಲೆ ಮೂರು ಫೋನ್ ಮಾಡಿ. ಆ ಕಂಪನಿಯ ಅಧಿಕೃತ ಸರ್ವೀಸ್ ನಿಮ್ಮ ಊರಿಗೆ ಹತ್ತಿರ ಎಲ್ಲಿದೆ ಅಂತ ಕೇಳಿ. ಒಂದು ಸೆಟ್ ಬ್ರೇಕ್ ಪ್ಯಾಡು-ಡಿಸ್ಕಿಗೆ ಎಷ್ಟು, ಬರಲು ಎಷ್ಟು ದಿನ ಅಂತ ಕೇಳಿ. ಮೂರನೆಯದು, ಗಾಡಿ ನಿಂತರೆ ಅಲ್ಲಿಯವರೆಗೆ ಪೂರ್ತಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಬಾಡಿಗೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆದುಕೊಂಡು ಹೋದರೆ ಗೇರ್ ಬಾಕ್ಸ್ ಹಾಳಾಗುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಈ ಮೂರನೇ ಉತ್ತರವೇ ಎಷ್ಟೋ ಸಲ ತೀರ್ಮಾನ ಹೇಳಿಬಿಡುತ್ತದೆ.

ಹಂತ 2: ಕಾಗದ ಮೊದಲು, ಗಾಡಿ ಆಮೇಲೆ

ಗಾಡಿ ನೋಡಲು ಹೋಗುವ ಹಿಂದಿನ ದಿನವೇ ಆರ್‌ಸಿ, ವಿಮೆ, ಸರ್ವೀಸ್ ದಾಖಲೆಗಳ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಹೋಗಬೇಡಿ. ಪೆಟ್ರೋಲ್ ಉಳಿಯಿತು.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯಾ, ವಿಮೆ ಚಾಲ್ತಿಯಲ್ಲಿದೆಯಾ, ನೋಡಿ. ದಂಡದ ಚಲನ್‌ಗಳನ್ನು ಬೇರೆಯಾಗಿ ನೋಡಿ. ವೇಗದ ಗಾಡಿಗೆ ಕ್ಯಾಮೆರಾ ಚಲನ್ ಸಾಲುಗಟ್ಟಿರುತ್ತವೆ. ಅವು ದುಡ್ಡಿನ ಲೆಕ್ಕ ಮಾತ್ರ ಅಲ್ಲ, ಹಿಂದಿನವರು ಹೇಗೆ ಓಡಿಸಿದ್ದಾರೆ ಅಂತಲೂ ಹೇಳುತ್ತವೆ.

ಈಗ ನಂಬರ್ ಪ್ಲೇಟಿನ ವಿಷಯ. ಬೆಳಗಾವಿಯ ಕೆಎ-22, ಚಿಕ್ಕೋಡಿಯ ಕೆಎ-23, ವಿಜಯಪುರದ ಕೆಎ-28, ಬಾಗಲಕೋಟೆಯ ಕೆಎ-29, ಇವೆಲ್ಲ ಸರಳ. ಮಾಲೀಕರ ಹೆಸರು ಬದಲಾದರೆ ಮುಗಿಯಿತು. ಆದರೆ ನಮ್ಮ ಗಡಿ ಭಾಗದಲ್ಲಿ ಮಾರಾಟಕ್ಕೆ ಬರುವ ಇಂಥ ಗಾಡಿ ಎಷ್ಟೋ ಪುಣೆ, ಕೊಲ್ಲಾಪುರ, ಗೋವಾದವು. ರೇಟು ಕೇಳಿದರೆ ಖುಷಿ ಆಗುತ್ತದೆ. ಅಲ್ಲೇ ನಿಲ್ಲಿ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರಲ್ಲಿ, ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಓಸಿ ಬೇಕು. ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಹೊಸ ಕಾರಿಗೆ ತೆರಿಗೆ 18%, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಆಗುತ್ತದೆ. ಆದರೂ ಲಕ್ಷಗಳಲ್ಲೇ ಇರುತ್ತದೆ, ಯಾಕೆಂದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ದುಡ್ಡಿನಿಂದ ಅಲ್ಲ. ಆರ್‌ಟಿಓ ಕಚೇರಿಗೆ ಆರ್‌ಸಿ ಪ್ರತಿ ಒಯ್ದು ಮೊತ್ತ ಬರೆಸಿಕೊಂಡು ಬನ್ನಿ. ಆ ಮೊತ್ತ ಕೂಡಿಸಿದ ಮೇಲೂ ಅಗ್ಗ ಅನಿಸಿದರೆ ಮುಂದಿನ ಹಂತಕ್ಕೆ ಹೋಗಿ.

ಸರ್ವೀಸ್ ದಾಖಲೆಯಲ್ಲಿ ಕಿಲೋಮೀಟರ್ ಅಂಕಿಗಳನ್ನು ತಾರೀಖಿನ ಜೊತೆ ಸಾಲಾಗಿ ಬರೆದುಕೊಳ್ಳಿ. ಮೂರು ವರ್ಷ ವರ್ಷಕ್ಕೆ 15 ಸಾವಿರ ಓಡಿದ ಗಾಡಿ, ಕೊನೆಯ ಎರಡು ವರ್ಷ ಬರೀ 2 ಸಾವಿರ ಓಡಿದೆ ಅಂದರೆ ಮೀಟರ್ ಮೇಲೆ ಯಾರೋ ಕೈ ಇಟ್ಟಿರಬಹುದು. ಅಥವಾ ಗಾಡಿ ನಿಂತೇ ಇತ್ತು. ಎರಡೂ ಕೇಳಬೇಕಾದ ಪ್ರಶ್ನೆಯೇ.

ಹಂತ 3: ತಣ್ಣಗಿನ ಇಂಜಿನ್

ಇದು ಎಲ್ಲಕ್ಕಿಂತ ಮುಖ್ಯ ಹಂತ. ಇದನ್ನು ಬಿಟ್ಟವರೇ ಜಾಸ್ತಿ.

ಬೆಳಿಗ್ಗೆ ಹೋಗಿ. ರಾತ್ರಿಯಿಂದ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಒಂದು ಸಲ ನಾನೂ ನನ್ನ ಭಾವನೂ ಉದ್ಯಮಬಾಗ ಹತ್ತಿರ ಒಂದು ಗಾಡಿ ನೋಡಲು ಬೆಳಿಗ್ಗೆ ಏಳಕ್ಕೆ ಹೋದೆವು. ಡಿಸೆಂಬರ್ ಚಳಿ, ಗಾಜಿನ ಮೇಲೆಲ್ಲ ಇಬ್ಬನಿ. ಬಾನೆಟ್ ಮೇಲೆ ಮಾತ್ರ ಇಬ್ಬನಿ ಇಲ್ಲ. ಕೈ ಇಟ್ಟೆ, ಬೆಚ್ಚಗಿತ್ತು. “ಈಗಷ್ಟೇ ಒರೆಸೀನ್ರೀ ಅಣ್ಣಾರ, ಗಾಡಿ ಅಗದಿ ಚೊಲೋ ಐತಿ” ಅಂದ ಮಾರುವವನು. ಒರೆಸಿದರೆ ಬಾನೆಟ್ ಬಿಸಿ ಆಗುತ್ತದಾ? ನಾವು ಸಂಜೆ ಫೋನ್ ಮಾಡುತ್ತೇವೆ ಅಂದು ಬಂದೆವು.

ಬಿಸಿ ಮಾಡಿ ಇಡುವುದಕ್ಕೆ ಕಾರಣ ಇದೆ. ರಾತ್ರಿಯೆಲ್ಲ ನಿಂತ ಇಂಜಿನ್‌ನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಸ್ಟಾರ್ಟ್ ಮಾಡಿದ ಮೊದಲ ಎರಡು-ಮೂರು ಸೆಕೆಂಡು ಒತ್ತಡ ಇರುವುದಿಲ್ಲ. ಚೈನ್ ಸಡಿಲಾಗಿದ್ದರೆ ಆಗಲೇ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು ಬರುತ್ತದೆ. ಆಮೇಲೆ ನಿಂತುಬಿಡುತ್ತದೆ. ಬಿಸಿ ಇಂಜಿನ್‌ನಲ್ಲಿ ಈ ಸದ್ದು ಕೇಳುವುದೇ ಇಲ್ಲ.

ಕ್ರಮ ಹೀಗಿರಲಿ. ಮೊದಲು ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವದ ಡಬ್ಬಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಬಣ್ಣ ಗುಲಾಬಿ ಅಥವಾ ನೇರಳೆ ಇರಬೇಕಾದ ಗಾಡಿಯಲ್ಲಿ ತಿಳಿನೀರು ಕಂಡರೆ, ಎಲ್ಲೋ ಸೋರುತ್ತಿದೆ, ನಲ್ಲಿ ನೀರು ಹಾಕುತ್ತಾ ಬಂದಿದ್ದಾರೆ ಅಂತ ಅರ್ಥ. ಆಕ್ಟೇವಿಯಾ ಆರ್‌ಎಸ್‌ನ 2 ಲೀಟರ್ ಇಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಕವಚದಲ್ಲಿವೆ. ಬಿಸಿ-ತಂಪು ತಿಂದು ತಿಂದು ಅದು ಸೋರುವುದು ಆ ಇಂಜಿನ್‌ನ ಗೊತ್ತಿರುವ ಕಾಯಿಲೆ. ಟಾರ್ಚ್ ಹಾಕಿ ನೋಡಿದರೆ ಒಣಗಿದ ಗುಲಾಬಿ ಕಲೆ ಉಪ್ಪಿನ ಹಾಗೆ ಕಾಣುತ್ತದೆ. ಸಿಹಿ ವಾಸನೆಯೂ ಬರುತ್ತದೆ.

ಆಮೇಲೆ ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಗಿದ್ದರೆ ತಪ್ಪಲ್ಲ. ಮಟ್ಟ ಕೆಳಗಿನ ಗೆರೆಗಿಂತ ಕೆಳಗಿದ್ದರೆ ತಪ್ಪು. ಆಯಿಲ್ ಮುಚ್ಚಳದ ಒಳಗಡೆ ಕೆನೆಯಂಥ ತಿಳಿ ಕಂದು ಲೋಳೆ ಇದ್ದರೆ ನೀರು ಸೇರಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಕೆಲವು ಆಡಿಗಳಲ್ಲಿ ಕಡ್ಡಿಯೇ ಇರುವುದಿಲ್ಲ, ಪರದೆಯಲ್ಲಿ ನೋಡಬೇಕು.

ಈಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಇನ್ನೊಬ್ಬರು ಬಾನೆಟ್ ತೆರೆದೇ ಇಟ್ಟು ಸ್ಟಾರ್ಟ್ ಮಾಡಿಸಿ. ರೇಡಿಯೊ, ಎಸಿ ಬಂದ್ ಇರಲಿ. ಸದ್ದು ಕೇಳಿ. ಹೊಗೆ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಚಳಿಯಲ್ಲಿ ಬಿಳಿ ಆವಿ ಬರುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ.

ಹತ್ತು ನಿಮಿಷ ಹಾಗೇ ಬಿಡಿ. ಕೊನೆಗೆ ಎಸಿ ಹಾಕಿ, ಫ್ಯಾನ್ ತಿರುಗುತ್ತದಾ, ಬಿಸಿಯ ಮುಳ್ಳು ನಡುವೆ ನಿಲ್ಲುತ್ತದಾ ನೋಡಿ. ವಿಜಯಪುರದಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಪುಣೆಯ ಹವೆಯಲ್ಲಿ ಸುಮ್ನೆ ಇದ್ದ ರೇಡಿಯೇಟರ್ ಅಲ್ಲಿ ಮೊದಲ ಬೇಸಿಗೆಗೇ ಬಣ್ಣ ಬಯಲು ಮಾಡುತ್ತದೆ.

ಆರ್‌ಎಸ್6 ನೋಡುವವರಿಗೆ ಒಂದು ಮಾತು. ಅದರ ಎರಡೂ ಟರ್ಬೊ ವಿ ಆಕಾರದ ಇಂಜಿನ್‌ನ ನಡುವೆ, ಎಲ್ಲಕ್ಕಿಂತ ಬಿಸಿ ಜಾಗದಲ್ಲಿ ಕೂತಿವೆ. ಅವುಗಳಿಗೆ ಆಯಿಲ್ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಜಾಲರಿ ಇದೆ. ಆಯಿಲ್ ತಡವಾಗಿ ಬದಲಿಸಿದ ಗಾಡಿಗಳಲ್ಲಿ ಜಾಲರಿ ಮಸಿ ಕಟ್ಟಿ ಟರ್ಬೊ ಒಣಗಿ ಸಾಯುತ್ತದೆ. ಜಾಲರಿ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಕೆಲಸದ ಖರ್ಚು ಕಳೆದೇ ಮಾತಾಡಿ.

ಹಂತ 4: ಬಾಡಿ, ಮತ್ತು ಹೊಳೆ ನೀರಿನ ಗುರುತು

ಹಗಲು ಬೆಳಕಲ್ಲಿ, ಒಣಗಿದ ಗಾಡಿ ನೋಡಿ. ಈಗಷ್ಟೇ ತೊಳೆದು ನೀರು ಹನಿಯುವ ಗಾಡಿಯಲ್ಲಿ ಪೇಂಟಿನ ತಪ್ಪು ಕಾಣುವುದಿಲ್ಲ. ಬಾಗಿಲು, ಬಾನೆಟ್, ಡಿಕ್ಕಿ ಸಂದುಗಳು ಎರಡೂ ಬದಿ ಒಂದೇ ಸಮ ಇರಬೇಕು. ಬಾನೆಟ್ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಪಾನಾ ಬಿದ್ದಿದೆ, ಅಂದರೆ ಯಾರೋ ಬಿಚ್ಚಿ ಹಾಕಿದ್ದಾರೆ. ಉಕ್ಕಿನ ಭಾಗಕ್ಕೆ ಅಯಸ್ಕಾಂತ ಅಂಟದಿದ್ದರೆ ಅಡಿಯಲ್ಲಿ ಪುಟ್ಟಿ ದಪ್ಪಗಿದೆ. ಕೆಲವು ದುಬಾರಿ ಗಾಡಿಗಳ ಬಾನೆಟ್, ಬಾಗಿಲು ಅಲ್ಯೂಮಿನಿಯಂದು, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಎಸ್ಟೇಟ್‌ನಲ್ಲಿ ಹಿಂಭಾಗ ವಿಶೇಷವಾಗಿ ನೋಡಬೇಕು. ಡಿಕ್ಕಿ ಬಾಗಿಲು ದೊಡ್ಡದು, ಭಾರ. ತೆರೆದು ಬಿಡಿ, ತಾನಾಗಿ ಇಳಿಯಬಾರದು. ಚಾಪೆ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ಹಿಂದಿನಿಂದ ಯಾರಾದರೂ ಗುದ್ದಿದ್ದರೆ ಆ ಗುಂಡಿಯ ತಗಡಿನಲ್ಲಿ ಸುಕ್ಕು ಇರುತ್ತದೆ. ಹೊರಗೆ ಎಷ್ಟೇ ಚೆನ್ನಾಗಿ ಡೆಂಟಿಂಗ್ ಮಾಡಿಸಿದರೂ ಅದನ್ನು ನೇರ ಮಾಡಿಸಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ನೀರಿನ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ನೀರಲ್ಲಿದ್ದವು. ಸಾಂಗಲಿ, ಕೊಲ್ಲಾಪುರದಲ್ಲೂ ಅದೇ ಸ್ಥಿತಿ. 2021ರ ಜುಲೈನಲ್ಲಿ ಮತ್ತೆ ಬಂತು. ಆಗ ಮುಳುಗಿದ ಗಾಡಿಗಳೆಲ್ಲ ಗುಜರಿಗೆ ಹೋಗಲಿಲ್ಲ. ತೊಳೆದು, ಒಣಗಿಸಿ, ಸೀಟು ಹೊಲಿಸಿ ಮಾರಿದವೂ ಇವೆ. ಈ ಗಾಡಿಗಳಲ್ಲಿ ಹತ್ತಾರು ಕಂಪ್ಯೂಟರ್ ಪೆಟ್ಟಿಗೆ ಇರುತ್ತವೆ, ಕೆಲವು ಸೀಟಿನ ಕೆಳಗೇ. ನೀರು ಹೊಕ್ಕ ಕನೆಕ್ಟರ್ ವರ್ಷ ಬಿಟ್ಟು ಕೈ ಕೊಡುತ್ತದೆ.

ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ. ಎಲ್ಲರೂ ಸೀಟು ತೊಳೆಯುತ್ತಾರೆ, ಬೆಲ್ಟಿನ ಕೊನೆಯ ಅರ್ಧ ಮೀಟರ್ ಮರೆಯುತ್ತಾರೆ. ಜಮಖಂಡಿ ಕಡೆಯ ಒಂದು ಗಾಡಿಯಲ್ಲಿ ನಾನು ಹೀಗೇ ಎಳೆದಾಗ ಬೆಲ್ಟಿನ ಅಡ್ಡಕ್ಕೆ ಒಂದು ಗೆರೆ ಕಂಡಿತು. ಗೆರೆಯ ಆಚೆ ಬೆಲ್ಟ್ ಕಪ್ಪು, ಈಚೆ ಬೂದು. ಉಗುರಿನಿಂದ ಕೆರೆದರೆ ನುಣುಪಾದ ಹೂಳು ಉದುರಿತು. ಎರಿ ಹೊಲದ ದಾರಿಯ ಧೂಳು ಹೀಗೆ ಗೆರೆ ಕೊರೆದು ಕೂರುವುದಿಲ್ಲ, ಎಲ್ಲ ಕಡೆ ಹರಡಿರುತ್ತದೆ. ಗೆರೆ ಇದ್ದರೆ ಅದು ನೀರು ನಿಂತ ಮಟ್ಟ.

ಸೀಟಿನ ಕೆಳಗಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಒದ್ದೆ, ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಕಿಲುಬು, ಹೆಡ್‌ಲೈಟ್ ಒಳಗೆ ಕೆಸರು, ಇವನ್ನೂ ನೋಡಿ. ಎರಡು ಗುರುತು ಒಟ್ಟಿಗೆ ಸಿಕ್ಕರೆ ರೇಟು ಮಾತಾಡುವುದೇ ಬೇಡ. ವಾಪಸ್ ಬನ್ನಿ. ಒಂದೇ ಗುರುತಿದ್ದರೆ, ಅದೂ ಬರೀ ಕಾರ್ಪೆಟ್ ಒದ್ದೆ ಇದ್ದರೆ, ಸನ್‌ರೂಫ್‌ನ ನೀರು ಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಅದು ಆಗುವಂಥದ್ದೇ, ರಿಪೇರಿಯೂ ಇದೆ.

ಹಂತ 5: ಕೆಳಗಿನಿಂದ ನೋಡಿ

ಹತ್ತಿರದ ವಾಶಿಂಗ್ ಸೆಂಟರ್‌ಗೆ ಒಯ್ದು ಲಿಫ್ಟ್ ಮೇಲೆ ಎತ್ತಿಸಿ. ಮಾಲೀಕರನ್ನೇ ಓಡಿಸಿಕೊಂಡು ಬರಲು ಹೇಳಿ, ನೀವು ಇನ್ನೂ ಸ್ಟೇರಿಂಗ್ ಮುಟ್ಟಬೇಡಿ.

ಇವು ನೆಲಕ್ಕೆ ಹತ್ತಿರ ಇರುವ ಗಾಡಿಗಳು. ನಮ್ಮೂರ ಹಂಪ್‌ಗಳು ನಿಮಗೆ ಗೊತ್ತೇ ಇವೆ. ಇಂಜಿನ್ ಕೆಳಗಿನ ಆಯಿಲ್ ಸಂಪ್ ನೋಡಿ, ಬಡಿದ ಗುಳಿ, ವೆಲ್ಡಿಂಗ್ ಇರಬಾರದು. ಸೈಲೆನ್ಸರ್ ಪೈಪು ಜಜ್ಜಿರಬಾರದು. ಶಾಕ್ ಅಬ್ಸಾರ್ಬರ್ ಮೇಲೆ ಆಯಿಲ್ ಜಿಡ್ಡು ಇದ್ದರೆ ಅದು ಮುಗಿದಿದೆ. ಬುಷ್ ರಬ್ಬರ್ ಬಿರಿದಿದೆಯಾ ನೋಡಿ.

ಅಲಾಯ್ ಚಕ್ರಗಳ ಒಳ ಅಂಚನ್ನು ಕೈಯಿಂದ ತಿರುಗಿಸುತ್ತಾ ನೋಡಿ. ಟೈರಿನ ಗೋಡೆ ಗಿಡ್ಡ ಇರುವ ಗಾಡಿ ಗುಂಡಿಗೆ ಬಿದ್ದಾಗ ಸೊಟ್ಟಾಗುವುದು ಒಳಗಿನ ಅಂಚು. ಹೊರಗಿಂದ ಫಳಫಳ ಹೊಳೆಯುತ್ತಿರುತ್ತದೆ. ಆರ್‌ಎಸ್245ರ 18 ಇಂಚಿನ ಚಕ್ರಕ್ಕೆ ಇದು ತಪ್ಪದೆ ನೋಡಬೇಕಾದ್ದು.

ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೀರು ಆಳ ಇದ್ದರೂ ಬದಲಿಸಬೇಕು ಅಂತಲೇ ಲೆಕ್ಕ ಹಾಕಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ನಾಲ್ಕೂ ಟೈರು ಒಂದೇ ಕಂಪನಿಯವು, ಹೆಚ್ಚುಕಮ್ಮಿ ಒಂದೇ ಸಮ ಸವೆದವು ಇರಬೇಕು. ಎರಡು ಹೊಸದು, ಎರಡು ಬೋಳು ಇದ್ದರೆ ಶಕ್ತಿ ಹಂಚುವ ಒಳಗಿನ ಭಾಗ ದಿನವೂ ಸವೆಯುತ್ತಿದೆ.

ಬ್ರೇಕ್ ಡಿಸ್ಕಿನ ಅಂಚಿಗೆ ಬೆರಳು ಹಾಕಿ. ಎತ್ತರದ ಕಟ್ಟೆ ಸಿಕ್ಕರೆ ಡಿಸ್ಕ್ ಸವೆದಿದೆ. ಎಷ್ಟು ದಪ್ಪ ಇರಲೇಬೇಕು ಅಂತ ಡಿಸ್ಕಿನ ಮೇಲೇ ಕೊರೆದಿರುತ್ತದೆ.

ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಚೀಲ) ಇರುವ ಗಾಡಿ ರಾತ್ರಿ ನಿಂತಲ್ಲೇ ಒಂದು ಮೂಲೆ ಕುಸಿದಿದೆಯಾ ಅಂತ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿಟ್ಟುಕೊಳ್ಳಿ. ಸ್ಟಾರ್ಟ್ ಆದ ಮೇಲೆ ಅದು ಎದ್ದು ನಿಲ್ಲುತ್ತದೆ, ಗುರುತು ಸಿಗುವುದಿಲ್ಲ.

ಹಂತ 6: ಸ್ಕ್ಯಾನರ್ ಹಾಕಿ

ಮೀಟರಿನಲ್ಲಿ ಎಚ್ಚರಿಕೆಯ ಲೈಟ್ ಇಲ್ಲ ಅಂದರೆ ತಪ್ಪು ಇಲ್ಲ ಅಂತ ಅಲ್ಲ. ದೋಷದ ಕೋಡ್ ಅಳಿಸಿಯೂ ತಂದಿರಬಹುದು. ಇದಕ್ಕೆ ಒಂದು ಉಪಾಯ ಇದೆ. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಅಂತ ಒಂದು ಪುಟ ಇರುತ್ತದೆ. ಗಾಡಿಯ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಅದು ತೋರಿಸುತ್ತದೆ. ಕೋಡ್ ಅಳಿಸಿದ ತಕ್ಷಣ ಅವೆಲ್ಲ ಮುಗಿದಿಲ್ಲ ಅನ್ನುವ ಸ್ಥಿತಿಗೆ ಬರುತ್ತವೆ. ಮತ್ತೆ ಪೂರ್ತಿ ಆಗಲು ಗಾಡಿ ಚೆನ್ನಾಗಿ ಓಡಬೇಕು. ದಿನಾ ಓಡುವ ಗಾಡಿ ಅಂತ ಹೇಳಿ, ಅರ್ಧಕ್ಕರ್ಧ ಪರೀಕ್ಷೆ ಬಾಕಿ ತೋರಿಸಿದರೆ, ನಿನ್ನೆ-ಮೊನ್ನೆ ಯಾರೋ ಅಳಿಸಿದ್ದಾರೆ.

ಎರಡನೆಯದು ರೀಮ್ಯಾಪ್. ಈ ಗಾಡಿಗಳಿಗೆ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು ಸಾಮಾನ್ಯ. ಮಾರುವ ಮೊದಲು ಹಳೆಯದನ್ನು ವಾಪಸ್ ಹಾಕುತ್ತಾರೆ. ರೀಮ್ಯಾಪ್ ಆದದ್ದೇ ಪಾಪ ಅಂತ ನಾನು ಹೇಳುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಅನುಮಾನ ಪಡಬೇಕು. ಫಿಲ್ಟರ್ ಪೆಟ್ಟಿಗೆ, ಸೈಲೆನ್ಸರ್ ಪೈಪು, ಟರ್ಬೊ ಹೋಸ್‌ಗಳ ಕ್ಲಿಪ್ಪುಗಳು ಕಂಪನಿಯವೇನಾ ನೋಡಿ. ಸ್ಕೋಡಾ, ಆಡಿ ಗಾಡಿಯ ಚಾಸಿ ನಂಬರ್ ಅಧಿಕೃತ ಸರ್ವೀಸ್‌ನಲ್ಲಿ ಕೊಟ್ಟು, ಟಿಡಿ1 ಅನ್ನುವ ಗುರುತು ಇದೆಯಾ ಅಂತ ಕೇಳಿ. ಸಾಫ್ಟ್‌ವೇರ್ ಬದಲಾದದ್ದು ಕಂಪನಿ ಕಂಪ್ಯೂಟರ್‌ಗೆ ಸಿಕ್ಕಿಬಿದ್ದಾಗ ಹಾಕುವ ಗುರುತು ಅದು.

ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕರ್ ಓದಿ, ಯಾವ ಆಕ್ಟೇನ್ (ಪೆಟ್ರೋಲಿನ ದರ್ಜೆ) ಹಾಕುತ್ತಿದ್ದಿರಿ ಅಂತಲೂ ಕೇಳಿ. 95 ಬೇಕಾದ ಇಂಜಿನ್‌ಗೆ ವರ್ಷಾನುಗಟ್ಟಲೆ ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿ ಜೋರು ಓಡಿಸಿದ್ದರೆ ಒಳ್ಳೆಯದಲ್ಲ.

ಹಂತ 7: ಈಗ ಓಡಿಸಿ

ಕನಿಷ್ಠ 40 ನಿಮಿಷ ಬೇಕು. ಹೈವೇ ಒಂದರಲ್ಲೇ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಸತ್ಯ ಹೊರಬರುವುದು ಟ್ರಾಫಿಕ್‌ನಲ್ಲಿ.

ಬೆಳಗಾವಿಯಲ್ಲಿದ್ದರೆ ಖಡೇ ಬಜಾರ್ ಸುತ್ತಮುತ್ತ ತೆವಳಿಸಿ. ಬ್ರೇಕ್ ಬಿಟ್ಟಾಗ ಗಾಡಿ ನಿಧಾನಕ್ಕೆ ಮುಂದೆ ಸರಿಯಬೇಕು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ ಬರಬಾರದು. ಡಿ ಇಂದ ಆರ್‌ಗೆ ಹಾಕಿದಾಗ ಧಡಕ್ ಅನ್ನಬಾರದು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. 2017ರ ಆರ್‌ಎಸ್‌ನ ಆರು ಗೇರಿನ, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಆದ ಡಿಎಸ್‌ಜಿ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನದು, ಗಟ್ಟಿ. ಆದರೆ 60 ಸಾವಿರ ಕಿಲೋಮೀಟರಿಗೆ ಅದರ ಆಯಿಲ್ ಬದಲಿಸಬೇಕು. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ.

ಆಮೇಲೆ ಹೆದ್ದಾರಿ. ಬೆಳಗಾವಿಯವರಿಗೆ ಹಿರೇಬಾಗೇವಾಡಿ ದಾಟಿ ಕಿತ್ತೂರು ಕಡೆ. ವಿಜಯಪುರದವರಿಗೆ ಸೊಲ್ಲಾಪುರ ರಸ್ತೆ. ಆಯಿಲ್ ಬಿಸಿಯಾಗುವವರೆಗೆ ಜೋರು ಒತ್ತಬೇಡಿ. ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ ನಿಧಾನ ವೇಗದಿಂದ ಒಂದೇ ಸಮ ಒತ್ತಿ. ಎಳೆತ ನೀರಿನ ಧಾರೆಯ ಹಾಗೆ ಬರಬೇಕು. ನಡುವೆ ತಡವರಿಸಿದರೆ ಕಿಡಿ ಕೊಡುವ ಕಾಯಿಲ್ ಅಥವಾ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಬುಸ್ ಅಂತ ಗಾಳಿ ಸದ್ದು ಬಂದು ಎಳೆತ ಕಡಿಮೆ ಆದರೆ ಹೋಸ್ ಸೋರುತ್ತಿದೆ. ಕಾನೂನಿನ ಮಿತಿಯೊಳಗೇ ಇದೆಲ್ಲ ಗೊತ್ತಾಗುತ್ತದೆ. 160 ಮುಟ್ಟಿಸಿ ನೋಡುವ ಅಗತ್ಯ ಇಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಎಲ್ಲಿಂದ ಬರುತ್ತದೋ ಹೇಳಲಾಗದ ರಸ್ತೆ ನಮ್ಮದು.

ಹಿಂದೆ ಯಾರೂ ಇಲ್ಲದಾಗ 80ರಿಂದ 20ಕ್ಕೆ ಬ್ರೇಕ್ ಹಿಡಿಯಿರಿ. ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟ. ಒಂದು ಕಡೆ ಎಳೆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಅಥವಾ ಚಕ್ರಗಳ ಅಲೈನ್‌ಮೆಂಟ್. ಬಾಗಲಕೋಟೆಯವರು ನವನಗರದ ಅಗಲ ರಸ್ತೆಗಳಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಸುತ್ತು ಹೊಡೆಸಿ, ಟಕಟಕ ಸದ್ದು ಕೇಳಿದರೆ ಆಕ್ಸಲ್ ಜಾಯಿಂಟ್.

ಕೊನೆಗೆ ಕೆಟ್ಟ ರಸ್ತೆ. ಜಾಂಬೋಟಿ ಕಡೆ ಹೋದರೆ ಸಾಕು. ಗಾಜು ಏರಿಸಿ, ನಿಧಾನಕ್ಕೆ ಓಡಿಸಿ, ಹಿಂದಿನ ಸೀಟಿನಲ್ಲಿ ನೀವೇ ಕೂತು ಕೇಳಿ. ಎಸ್ಟೇಟ್‌ನ ಹಿಂಭಾಗ ಒಂದು ದೊಡ್ಡ ಡಬ್ಬಿ, ಸಣ್ಣ ಸದ್ದೂ ದೊಡ್ಡದಾಗುತ್ತದೆ.

ಹಂತ 8: ಮನೆಯವರನ್ನು ಕೂರಿಸಿ

ಇದನ್ನು ಬಿಟ್ಟವರು ಗಾಡಿಯನ್ನು ವರ್ಷದೊಳಗೆ ಮಾರಿದ್ದನ್ನು ನೋಡಿದ್ದೇನೆ. ಅಮ್ಮನ ಮೊಣಕಾಲು ನೋವಿದ್ದರೆ ಈ ತಗ್ಗು ಸೀಟಿಗೆ ಇಳಿದು ಏಳುವುದು ಕಷ್ಟ. ಅವರನ್ನೇ ಕರೆದುಕೊಂಡು ಬಂದು ಕೂರಿಸಿ, ಇಳಿಸಿ. ಹಿಂದೆ ನಡುವೆ ಕೂರುವವರ ಕಾಲ ಕೆಳಗೆ ದಿಬ್ಬ ಇರುತ್ತದೆ. ಮಗುವಿನ ಸೀಟು ಇದ್ದರೆ ತಂದು ಹಾಕಿ ನೋಡಿ. ಹಿಂದಿನ ಸೀಟು ಮಡಚಿ, ಮತ್ತೆ ಎತ್ತಿ, ಕೊಂಡಿ ಗಟ್ಟಿ ಬೀಳುತ್ತದಾ ಅಂತ ಅಲ್ಲಾಡಿಸಿ. ಸವದತ್ತಿ ಗುಡ್ಡಕ್ಕೆ ಹೊರಟಾಗ ಹಿಂದೆ ತುಂಬಿದ ಪಾತ್ರೆ, ಸ್ಟೋವ್ ಎಲ್ಲ ಬ್ರೇಕ್ ಹಾಕಿದಾಗ ಮುಂದೆ ಬರದಂತೆ ತಡೆಯುವುದು ಆ ಕೊಂಡಿಯೇ.

ಹಂತ 9: ರೇಟು, ದುಡ್ಡು, ವರ್ಗಾವಣೆ

ನೋಟ್‌ಬುಕ್ ತೆರೆಯಿರಿ. ಸಿಕ್ಕ ಪ್ರತಿ ಕೆಲಸದ ಮುಂದೆ ಗ್ಯಾರೇಜಿನವರು ಹೇಳಿದ ಖರ್ಚು ಬರೆಯಿರಿ. ಒಟ್ಟು ಹಾಕಿ, ಆ ಹಾಳೆಯನ್ನೇ ಮಾರುವವರ ಮುಂದೆ ಇಡಿ. ಸುಮ್ನೆ “ಸ್ವಲ್ಪ ಕಡಿಮೆ ಮಾಡ್ರಿ ಸಾಹುಕಾರ” ಅಂದರೆ ಹತ್ತು ಸಾವಿರ ಇಳಿಯುತ್ತದೆ. ಲೆಕ್ಕ ತೋರಿಸಿದರೆ ಮಾತೇ ಬೇರೆ. ಇವತ್ತೇ ಟೋಕನ್ ಕೊಡಿ, ಇನ್ನೊಬ್ಬರು ಕಾಯುತ್ತಿದ್ದಾರೆ ಅಂದರೆ ಅವರಿಗೇ ಕೊಡಲಿ ಬಿಡಿ.

ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಮಾಲೀಕರ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಎದುರಲ್ಲೇ ಹಾಕಿಸಿ. ಸಾಲ ಇದ್ದ ಗಾಡಿಗೆ ಬ್ಯಾಂಕಿನ ಎನ್‌ಓಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಸಿಗದೆ ಪೂರ್ತಿ ದುಡ್ಡು ಕೊಡಬೇಡಿ. ಗಾಡಿ ಕೈಗೆ ಬಂದ ತಾರೀಖು ಮತ್ತು ಗಂಟೆ ಬರೆದ ಕಾಗದಕ್ಕೆ ಇಬ್ಬರೂ ಸಹಿ ಮಾಡಿ. ಆ ಗಂಟೆಗಿಂತ ಮೊದಲಿನ ಚಲನ್ ಅವರದು.

ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತಡವಾಗಿ ಮಧ್ಯೆ ಗಾಡಿಗೆ ಏನಾದರೂ ಆದರೆ ಕ್ಲೇಮು ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಹಳೇ ಮಾಲೀಕರದು. ಹಾಗಾಗಿ ಪ್ರೀಮಿಯಂ ಅವರು ಹೇಳಿದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ಹಳೇ ಫಾಸ್ಟ್ಯಾಗ್ ಕಿತ್ತು ಅವರಿಗೆ ಕೊಟ್ಟು, ನಿಮ್ಮ ಹೆಸರಿನದು ಹಾಕಿಸಿ.

ಗಾಡಿ ಮನೆಗೆ ಬಂದ ಮೊದಲ ವಾರವೇ ಇಂಜಿನ್ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಆಯಿಲ್ ಬದಲಿಸಿ. ಹಿಂದಿನವರು ಹೋದ ತಿಂಗಳೇ ಮಾಡಿಸಿದ್ದೇವೆ ಅಂದರೂ ಮಾಡಿಸಿ. ಕೂಲಂಟ್ ಡಬ್ಬಿಯ ಮೇಲೆ ಇವತ್ತಿನ ಮಟ್ಟಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಪ್ರತಿ ಭಾನುವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ನೋಡಿ.